ನನ್ನ ಕಾಲಿಗೆ ಇನ್ನೊಬ್ಬರ ಅಳತೆ

ನನ್ನ ಬಲಗಾಲಿನ ಕಣಕಾಲಿನೊಳಗೆ ಎರಡು ಲೋಹದ ತುಂಡುಗಳಿವೆ. ಒಂದು ಮೇಲಿನ ಮೂಳೆಯ ತಳಕ್ಕೆ, ಇನ್ನೊಂದು ಕೆಳಗಿನ ಮೂಳೆಯ ನೆತ್ತಿಗೆ ಟೋಪಿಯ ಹಾಗೆ. ಎರಡರ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ. ಲೋಹದ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಪಾಡಿಗೆ ತಾನು ಕೂತಿದೆ. ನನ್ನ ಸಿಟ್ಟೆಲ್ಲ ಮೊದಲನೇ ಸಲ ಹಾಕಿದ ಬಿಲ್ಲೆಯ ಮೇಲೆ, ಅದು ಎಷ್ಟು ದಪ್ಪ ಇರಬೇಕು ಎಂಬುದನ್ನು ನನ್ನ ಬೆನ್ನ ಹಿಂದೆ ಕೂತು ತೀರ್ಮಾನ ಮಾಡಿದ ಗಂಡಸರ ಮೇಲೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಕಾಯುತ್ತಲೂ ಇಲ್ಲ.

ನಾನು ರೊಟ್ಟಿ ಮಾಡುವವಳು. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದೆ. ಹಿಂಜವಾಡಿಯಲ್ಲಿ ಕಂಪನಿಗಳು ಏಳತೊಡಗಿದ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರು ಹಿಂಡುಹಿಂಡಾಗಿ ಬಂದರು. ಅವರಿಗೆಲ್ಲ ಚಪಾತಿ ತಿಂದು ತಿಂದು ಬಾಯಿ ಕೆಟ್ಟಿತ್ತು. ಮೊದಲು ಒಂದು ಮೆಸ್ಸಿಗೆ ಜೋಳದ ರೊಟ್ಟಿ ಮಾಡಿ ಕೊಟ್ಟೆ. ಆಮೇಲೆ ಅವರ ಬಾಯಿಂದ ಇವರ ಬಾಯಿಗೆ ಹಬ್ಬಿ ನಮ್ಮ ನೆಲಮಹಡಿಯ ಮನೆಯ ಅಡುಗೆಮನೆಯೇ ಕಾರ್ಖಾನೆಯಾಯಿತು. ಜೊತೆಗೆ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಪಲ್ಯ, ಚಟ್ನಿ ಅವರದು. ರೊಟ್ಟಿ ಮಾತ್ರ ನನ್ನದೇ.

ಇದೆಲ್ಲವನ್ನೂ ನಾನು ನಿಂತು ಮಾಡುತ್ತೇನೆ. ಅಡುಗೆ ಕಟ್ಟೆಯ ಒಂದು ತುದಿಯಲ್ಲಿ ಹಿಟ್ಟಿನ ಪರಾತ, ಮಗ್ಗುಲಿಗೆ ಒಲೆ. ಹಿಟ್ಟು ನಾದುವುದು, ಬಡಿಯುವುದು, ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವುದು, ಒದ್ದೆ ಬಟ್ಟೆಯಿಂದ ನೀರು ಸವರುವುದು, ಎಲ್ಲವೂ ನಿಂತೇ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದನ್ನು ನಾನು ತವರಿನಲ್ಲೇ ಬಿಟ್ಟು ಬಂದೆ. ಕೂತು ಮಾಡಿದರೆ ಮನೆಮಂದಿಗೆ ಸಾಲುತ್ತದೆ, ಆಫೀಸುಗಳ ಡಬ್ಬಿಗೆ ಸಾಲುವುದಿಲ್ಲ. ಬಡಿಯುವಾಗ ಮೈಭಾರ ಬಲಗಾಲಿನ ಮೇಲೆ ಬೀಳುತ್ತದೆ. ಹಂಚಿನ ಕಡೆ ಹೊರಳುವುದೂ ಅದೇ ಕಾಲಿನ ಮೇಲೆ. ಹಾಗಾಗಿ ನನಗೆ ಆ ಕಾಲು ಗಟ್ಟಿ ಬೇಕು. ಬಾಗದಿದ್ದರೂ ನಡೆದೀತು, ಅಲುಗಬಾರದು.

ಆ ಕಾಲೇ ಕೆಟ್ಟಿತ್ತು. ಮದುವೆಯಾದ ಹೊಸತರಲ್ಲಿ ಸಿಟಿ ಬಸ್ಸಿನಿಂದ ಇಳಿಯುವಾಗ, ಒಂದು ಪಾದ ನೆಲಕ್ಕೆ ತಾಗುವ ಮೊದಲೇ ಡ್ರೈವರ್ ಬಸ್ಸು ಬಿಟ್ಟ. ಕಣಕಾಲು ಮುರಿಯಿತು. ಪ್ಲಾಸ್ಟರ್ ಹಾಕಿದರು, ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ವರ್ಷಗಟ್ಟಲೆ ಅದೇ ಕಾಲಿನ ಮೇಲೆ ನಿಂತು ಒಳಗಿನ ಮೆತ್ತೆ ಸವೆದು ಮೂಳೆಗೆ ಮೂಳೆ ಉಜ್ಜತೊಡಗಿತು. ಕಡೆಕಡೆಗೆ ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಮಂಡಿಯ ಹಾಗೆಯೇ ಕಣಕಾಲಿನ ಕೀಲನ್ನೂ ಬದಲಿಸುತ್ತಾರೆ ಎಂದು ಯಾರೋ ಹೇಳಿದಾಗ ನನಗೆ ದೇವರು ಸಿಕ್ಕಷ್ಟು ಸಂತೋಷವಾಯಿತು. ನೋವು ಹೋಗುತ್ತದೆ, ಮತ್ತೆ ನೆಮ್ಮದಿಯಿಂದ ನಿಲ್ಲಬಹುದು, ನನ್ನ ಆಸೆ ಇದ್ದದ್ದು ಇಷ್ಟೇ.

ಇಲ್ಲಿ ನನ್ನ ಭಾವನವರ ಬಗ್ಗೆ ಹೇಳಬೇಕು. ಅವರು ನನ್ನ ಗಂಡನ ಅಣ್ಣ. ಪೇಠೆಯಲ್ಲಿ ಬಟ್ಟೆಯ ಅಂಗಡಿ ಇದೆ, ಮರಾಠಿ ನೀರು ಕುಡಿದಷ್ಟು ಸಲೀಸು, ನಾಲ್ಕು ಜನ ದೊಡ್ಡವರ ಪರಿಚಯ. ಮನೆತನದ ಯಾವ ಮಾತುಕತೆಯೂ ಅವರಿಲ್ಲದೆ ನಡೆಯುವುದಿಲ್ಲ. ಹೆಣ್ಣು ನೋಡುವುದಿರಲಿ, ಮನೆ ಕೊಳ್ಳುವುದಿರಲಿ, ಮಾತಾಡುವವರು ಅವರು, ತಲೆಯಾಡಿಸುವವರು ನನ್ನ ಗಂಡ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವ ರೂಢಿಯಿಲ್ಲ. ಒಂದೇ ಹಾಲ್‌ನಲ್ಲಿ ಇದ್ದರೂ ಭಾವನವರು ನನ್ನ ಗಂಡನ ಮುಖ ನೋಡಿ, "ಆಕೀಗೆ ಹೇಳು, ಉಪ್ಪು ಸ್ವಲ್ಪ ಕಡಿಮಿ ಆಗೇದ" ಎನ್ನುತ್ತಾರೆ. ನಾನೂ ಗಂಡನ ಮುಖ ನೋಡಿ, "ತರ್ತೀನಿ ಅಂತ ಹೇಳ್ರಿ" ಎನ್ನುತ್ತೇನೆ. ನಡುವೆ ನನ್ನ ಗಂಡ ಟಪಾಲಿನವರ ಹಾಗೆ ಕೂತಿರುತ್ತಾರೆ. ಅಕ್ಕಪಕ್ಕದ ಮರಾಠಿ ಹೆಂಗಸರಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತಿದ್ದೆ, ಆಗಿನ್ನೂ ನಗಬಹುದಿತ್ತು.

ಡಾಕ್ಟರರನ್ನು ಹುಡುಕಿದವರೂ ಭಾವನವರೇ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕುದಿದು ಊರಿನ ಇನ್ನೊಂದು ತುದಿಯ ಆ ಕ್ಲಿನಿಕ್ ಮುಟ್ಟುವಷ್ಟರಲ್ಲಿ ನನ್ನ ಕಾಲು ಹಲಸಿನಕಾಯಿಯಂತೆ ಬಾತಿತ್ತು. ಮೇಜಿನ ಮುಂದಿನ ಎರಡು ಕುರ್ಚಿಯಲ್ಲಿ ಭಾವನವರು ಮತ್ತು ನನ್ನ ಗಂಡ ಕೂತರು. ನಾನು ಮೂಲೆಯ ಮಂಚದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತೆ. ಡಾಕ್ಟರು ನನ್ನ ಪಾದವನ್ನು ಹಿಡಿದು ತಿರುಗಿಸಿ ನೋಡಿದರು, ಕೈ ತೊಳೆದುಕೊಂಡರು, ಹೋಗಿ ಭಾವನವರ ಎದುರು ಕೂತು ಮಾತು ಶುರು ಮಾಡಿದರು. ಕಾಲು ನನ್ನ ಮೈಗೆ ಅಂಟಿಕೊಂಡಿತ್ತು ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ನೆನಪಿದ್ದಂತಿತ್ತು.

ಡಾಕ್ಟರು ಒಳ್ಳೆಯ ಮರಾಠಿಯಲ್ಲಿ ತಿಳಿಯುವ ಹಾಗೆ ಹೇಳಿದರು, ಅದನ್ನು ಇಲ್ಲವೆನ್ನುವುದಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಮೂಳೆಗಳ ಒಂದು ಪಾದವಿತ್ತು, ಅದಕ್ಕೆ ಜೋಡಿಸಿ ತೋರಿಸುವ ಕೀಲು ಇತ್ತು. ಲೋಹದ ತುಂಡುಗಳಲ್ಲಿ ಚಪ್ಪಲಿಗಿರುವಂತೆ ಸೈಜುಗಳಿರುತ್ತವಂತೆ. ದೊಡ್ಡದಾದರೆ ಪಕ್ಕದ ಮೂಳೆಗಳಿಗೆ ಉಜ್ಜಿ ನೋವು ಕೊಡುತ್ತದೆ, ಸಣ್ಣದಾದರೆ ಮೂಳೆಯೊಳಗೆ ಕುಸಿಯುತ್ತದೆ. ಅದನ್ನು ಎಕ್ಸ್‌ರೇ ನೋಡಿ, ಆಮೇಲೆ ಒಳಗೆ ಇಟ್ಟು ನೋಡಿ ತೀರ್ಮಾನಿಸುತ್ತೇವೆ ಎಂದರು. ನಡುವಿನ ಬಿಲ್ಲೆಯದು ಬೇರೆ ಲೆಕ್ಕ. ಅದು ದಪ್ಪವಾದರೆ ಸುತ್ತಲಿನ ನರಗಳು ಬಿಗಿಯಾಗಿ ಕೀಲು ಗಟ್ಟಿ ನಿಲ್ಲುತ್ತದೆ, ಆದರೆ ಪಾದ ಮೇಲಕ್ಕೆ ಬಾಗುವುದು ಕಡಿಮೆಯಾಗುತ್ತದೆ. ತೆಳುವಾದರೆ ಚೆನ್ನಾಗಿ ಬಾಗುತ್ತದೆ, ಆದರೆ ಅಕ್ಕಪಕ್ಕಕ್ಕೆ ಸಡಿಲ. ನಾನು ಮೂಲೆಯಿಂದಲೇ ಕಿವಿಯಗಲಿಸಿ ಕೇಳಿದೆ. ಗಟ್ಟಿ ಇರಲಿ ಎಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಬಂದಳು. ನಿಂತುಕೊಂಡು ತೆಗೆಸುವ ಇನ್ನೊಂದು ಎಕ್ಸ್‌ರೇ ಬೇಕೆಂದು ನನ್ನನ್ನು ಕರೆದುಕೊಂಡು ಹೋದಳು.

ನಾನು ತಿರುಗಿ ಬರುವಾಗ ಭಾವನವರು ಎದ್ದು ನಿಂತು ಡಾಕ್ಟರ ಕೈ ಕುಲುಕುತ್ತಿದ್ದರು. ಮಾತು ಮುಗಿದಿತ್ತು.

"ಏನು ಹೇಳಿದ್ರು?" ಎಂದು ಹೊರಗೆ ಬಂದು ಗಂಡನನ್ನು ಕೇಳಿದೆ.

"ಎಲ್ಲಾ ಅಣ್ಣ ಮಾತಾಡ್ಯಾನ. ನೀ ಏನೂ ಕಾಳಜಿ ಮಾಡಬ್ಯಾಡ."

"ಕಾಲು ಗಟ್ಟಿ ಇರಬೇಕು ಅಂತ ಹೇಳಿದ್ರಿಲ್ಲೋ?"

"ಡಾಕ್ಟರಿಗೆ ಗೊತ್ತಿರೂದಿಲ್ಲೇನ ಅದು?" ಎಂದರು, ನಾನೇನೋ ಹುಚ್ಚುಚ್ಚಾಗಿ ಕೇಳಿದ ಹಾಗೆ.

ಆಪರೇಶನ್ ಆಯಿತು. ಎಲ್ಲರೂ ಬಂದರು, ಎಲ್ಲರೂ ಎಳನೀರು ತಂದರು. ಎಕ್ಸ್‌ರೇಯಲ್ಲಿ ಕೀಲು ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಗಂಡ ಅದರ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು, ನಿಶ್ಚಿತಾರ್ಥದ ಫೋಟೋ ಕಳಿಸಿದ ಹಾಗೆ. ಪಟ್ಟಿ ಬಿಚ್ಚಿ, ಬೂಟು ಬಿಚ್ಚಿ, ವಾಕರ್ ಬಿಟ್ಟು ಮೊದಲ ಸಲ ಬರಿಗಾಲಿನಲ್ಲಿ ನಿಂತಾಗ ಆ ಹಳೇ ನೋವು ಇರಲಿಲ್ಲ. ಅಳುವೇ ಬಂತು ನನಗೆ. ಅವತ್ತು ಸಂಜೆ ಡಾಕ್ಟರಿಗೂ ಭಾವನವರಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಏಕೆಂದರೆ ನೋವು ಹೋಗಿತ್ತು, ಅದರ ಜಾಗಕ್ಕೆ ಇನ್ನೊಂದು ಬಂದಿತ್ತು. ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಸಪಾಟು ಟೈಲ್ಸ್ ಮೇಲೆ ಪರವಾಗಿಲ್ಲ. ಫುಟ್‌ಪಾತಿನ ಒಂದು ಕಲ್ಲು ಒಂಚೂರು ಎದ್ದಿದ್ದರೆ ಸಾಕು, ಪಾದ ಹೊರಮಗ್ಗುಲಿಗೆ ಹೊರಳಿಬಿಡುತ್ತಿತ್ತು. ಒಳಗೆ ಟಕ್ ಎಂದು ಸದ್ದಾಗುತ್ತಿತ್ತು. ಪುಣೆಯಲ್ಲಿ ಎದ್ದಿರದ ಕಲ್ಲು ಯಾವ ಫುಟ್‌ಪಾತಿನಲ್ಲಿದೆ? ರಸ್ತೆಯ ಉಬ್ಬು ಕಂಡರೆ ನಾನು ಗೋಡೆ ಹುಡುಕುತ್ತಿದ್ದೆ. ಅಡುಗೆ ಕಟ್ಟೆಯ ಮುಂದೆ ನಿಂತು ಬಡಿಯುವಾಗ ಭಾರ ಹಾಕಲು ಹೆದರಿಕೆ. ಹೆದರುತ್ತಾ ಬಡಿದ ರೊಟ್ಟಿ ಅಂಚಿಗೆ ದಪ್ಪ, ನಡುವೆ ತೂತು. ನನ್ನ ಕೈಯಿಂದ ಅಂಥ ರೊಟ್ಟಿ ಹೊರಗೆ ಹೋಗುವುದು ನನಗೆ ಅವಮಾನ.

ಹೇಳಿದೆ. ಗಂಡನಿಗೆ ಹೇಳಿದೆ, ಅವರು ಅಣ್ಣನಿಗೆ ಹೇಳಿದರು, ಅಣ್ಣ ಡಾಕ್ಟರಿಗೆ ಫೋನ್ ಮಾಡಿದರು. ಉತ್ತರ ಅದೇ ದಾರಿಯಲ್ಲಿ ತಿರುಗಿ ಬಂತು.

"ಹೊಸಾದಲ್ಲಾ, ರೂಢಿ ಆಗಬೇಕಂತ. ವ್ಯಾಯಾಮ ಮಾಡು, ತೂಕ ಇಳಿಸು ಅಂದಾರಂತ."

ತೂಕ ಇಳಿಸಬೇಕಂತೆ! ಊರಿನ ಹೆಂಗಸರಿಗೆ ಏನೇ ಆಗಲಿ, ಎಲ್ಲದಕ್ಕೂ ಇದೊಂದು ಮದ್ದು ಇಟ್ಟುಕೊಂಡಿದ್ದಾರೆ. ನಾನು ವ್ಯಾಯಾಮವನ್ನೂ ಮಾಡಿದೆ. ರಬ್ಬರ್ ಪಟ್ಟಿ ಎಳೆದೆ, ಒಂಟಿಗಾಲಿನಲ್ಲಿ ನಿಂತೆ, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿದೆ. ಕಾಲು ಹೊರಳುವುದು ಹೊರಳುತ್ತಲೇ ಇತ್ತು.

ಒಂದು ಬೆಳಿಗ್ಗೆ ಅದು ಸರಿಯಾಗಿ ಕೈಕೊಟ್ಟಿತು. ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡು ಹಂಚಿನ ಕಡೆ ಹೊರಳಿದೆ. ಪಾದ ಕೆಳಗಿನಿಂದ ಜಾರಿತು. ಬೀಳುವವಳು ಯಾವುದನ್ನಾದರೂ ಹಿಡಿಯಬೇಕಲ್ಲ, ಎಡಗೈ ಕಾದ ಹಂಚಿನ ಮೇಲೆಯೇ ಊರಿತು. ಜೊತೆಗಿದ್ದ ಹೆಂಗಸರು ಕೂಗಿಕೊಂಡರು. ನಾನು ಕೂಗಲಿಲ್ಲ. ನಲ್ಲಿಯ ಕೆಳಗೆ ಅಂಗೈ ಹಿಡಿದು ನಿಂತಾಗ ನನಗೆ ಉರಿಗಿಂತ ಹೆಚ್ಚು ಹೆದರಿಕೆಯಾಯಿತು. ಇನ್ನು ಈ ಕಟ್ಟೆಯ ಮುಂದೆ ನಿಲ್ಲುವುದು ನನ್ನಿಂದ ಆಗುವುದಿಲ್ಲವೇನೋ ಎಂದು ಮೊದಲ ಸಲ ಅನಿಸಿತು.

ಸಂಜೆ ಗಂಡ ಬಂದು ಕೈ ನೋಡಿ, "ಸಾಕಿನ್ನ, ಈ ರೊಟ್ಟಿ ಕೆಲಸ ಬಿಟ್ಟುಬಿಡು" ಎಂದರು. ಎಷ್ಟು ಸುಲಭ! ಕಾಲು ಸರಿಯಿಲ್ಲ ಎಂದರೆ ಕಾಲು ಸರಿ ಮಾಡಿಸೋಣ ಎನ್ನಲಿಲ್ಲ. ನಿಲ್ಲುವುದನ್ನೇ ಬಿಡು ಎಂದರು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಮೈಸೂರಿನವಳು, ಗಂಡನ ಕೆಲಸದಿಂದಾಗಿ ಪುಣೆಗೆ ಬಂದವಳು. ಕೈಗೆ ಪಟ್ಟಿ ಕಟ್ಟಿಕೊಂಡ ನನ್ನನ್ನು ನೋಡಿ ಏನಾಯಿತೆಂದು ಕೇಳಿದಳು. ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲಿ ನಿಂತಿದ್ದೆ, ಹೇಗೆ ಹೊರಳಿದೆ ತೋರಿಸಿದೆ.

"ಆಂಟಿ, ನೀವು ರೊಟ್ಟಿ ಮಾಡೋದು ನಿಂತ್ಕೊಂಡಾ?" ಎಂದಳು.

"ಮತ್ತ ಹೆಂಗ?"

"ಅಲ್ಲಾ, ನಿಮ್ ಕೇಸ್ ನನಗೆ ಕೊಡೋವಾಗ, ಪೇಶಂಟ್ ನೆಲದ ಮೇಲೆ ಕೂತು ಕೆಲಸ ಮಾಡೋರು, ಕಾಲು ಮಡಿಚೋದಕ್ಕೆ ಜಾಸ್ತಿ ಎಕ್ಸರ್ಸೈಜ್ ಮಾಡ್ಸಿ ಅಂತ ಡಾಕ್ಟರ್ ಹೇಳಿದ್ರು. ಅದಕ್ಕೇ ನಾನು ಹೆಚ್ಚಾಗಿ ಮಡಿಚೋದೇ ಮಾಡಿಸ್ತಾ ಇದೀನಿ." ಆಮೇಲೆ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಮೆಲ್ಲಗೆ ಅಲುಗಿಸಿದಳು. ಮುಖ ಸಣ್ಣಗೆ ಮಾಡಿದಳು. "ಇದು ಎಕ್ಸರ್ಸೈಜಲ್ಲಿ ಸರಿಹೋಗೋ ಸಡಿಲ ಅಲ್ಲ ಅನ್ಸುತ್ತೆ ಆಂಟಿ. ಒಂದ್ಸಲ ಡಾಕ್ಟರ್ ಹತ್ರ ನೀವೇ ಹೋಗಿ ಮಾತಾಡಿ."

ನೆಲದ ಮೇಲೆ ಕೂತು ಕೆಲಸ ಮಾಡುವವಳಂತೆ! ಯಾರು ಹೇಳಿದ್ದು? ನಾನು ಹೇಳಿಲ್ಲ, ನನ್ನನ್ನು ಯಾರೂ ಕೇಳಿಯೇ ಇಲ್ಲ. ಬೇರೆ ಡಾಕ್ಟರ ಹತ್ತಿರ ಹೋಗು ಎಂದು ಪರಿಚಯದವರು ಹೇಳಿದರು. ನಾನು ಹೋಗಲಿಲ್ಲ. ಕೆಡಿಸಿದವರಿಂದಲೇ ಉತ್ತರ ಬರಬೇಕು ಎಂಬ ಹಟ ಹಿಡಿಯಿತು. ಮರುದಿನ ಗಂಡ ಆಫೀಸಿಗೆ ಹೋದ ಮೇಲೆ ರಿಕ್ಷಾ ಹಿಡಿದು ಒಬ್ಬಳೇ ಹೋದೆ. ಈ ಸಲ ಮೇಜಿನ ಮುಂದಿನ ಕುರ್ಚಿಯಲ್ಲಿ ನಾನೇ ಕೂತೆ.

ಡಾಕ್ಟರು ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಜೊತೆಗೆ ಯಾರು ಬಂದಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು. ಕಾಲು ಬಂದಿದೆ ಎಂದೆ. ಅವರು ನಗಲಿಲ್ಲ, ನಾನೂ ನಗಿಸಲು ಹೇಳಿರಲಿಲ್ಲ. ಎಕ್ಸ್‌ರೇ ಕೋಣೆಗೆ ಅವರೇ ಬಂದು ನನ್ನ ಪಾದವನ್ನು ಪಕ್ಕಕ್ಕೆ ಒತ್ತಿ ಹಿಡಿದು ಫಿಲಂ ತೆಗೆಸಿದರು. ಪರದೆಯ ಮೇಲೆ ಕಂಡಿತು. ಲೋಹದ ಎರಡೂ ತುಂಡು ಇದ್ದಲ್ಲೇ ಭದ್ರವಾಗಿದ್ದವು, ಸೈಜೂ ಸರಿಯಿತ್ತು. ಬಿಲ್ಲೆಗೂ ಲೋಹಕ್ಕೂ ನಡುವೆ ಮಾತ್ರ ಹೊರಮಗ್ಗುಲಲ್ಲಿ ಅರೆತೆರೆದ ಬಾಗಿಲಿನಂತೆ ಸಂದಿ ಬಿಟ್ಟಿತ್ತು. ಬಹಳ ಹೊತ್ತು ಅದನ್ನೇ ನೋಡಿದರು.

ಆಮೇಲೆ ಹೇಳಿದರು. ಆಪರೇಶನ್ ಮಾಡುವಾಗ ಬೇರೆಬೇರೆ ದಪ್ಪದ ಪರೀಕ್ಷೆಯ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು, ಪಾದ ಬಾಗಿಸಿ, ಅಲುಗಿಸಿ ನೋಡುತ್ತಾರಂತೆ. ನನ್ನ ಕಾಲಿಗೆ ಎರಡು ಒಪ್ಪುವಂತಿದ್ದವು. ದಪ್ಪನೆಯದು ಇಟ್ಟಾಗ ಕೀಲು ಗಟ್ಟಿ, ಪಾದ ಮೇಲಕ್ಕೆ ಬರುವುದು ಕಡಿಮೆ. ತೆಳುವಿನದು ಇಟ್ಟಾಗ ಪಾದ ಚೆನ್ನಾಗಿ ಮೇಲಕ್ಕೆ ಬರುತ್ತಿತ್ತು, ಪಕ್ಕಕ್ಕೆ ಸ್ವಲ್ಪ ಸಡಿಲ. ಆ ಸಡಿಲು ಹೋಗ್ತಾ ಹೋಗ್ತಾ ಬಿಗಿಯುತ್ತದೆ ಅಂದುಕೊಂಡು ತೆಳುವಿನದನ್ನು ಇಟ್ಟರಂತೆ.

"ಯಾಕೆ ತೆಳುವಿನದು?" ಎಂದು ಕೇಳಿದೆ.

ನಿಮ್ಮ ಮನೆಯವರು ಹೇಳಿದರಲ್ಲ, ಎಂದರು. ಅವರಿಗೆ ಚೆನ್ನಾಗಿ ನೆನಪಿತ್ತು. ನಾನು ಎಕ್ಸ್‌ರೇಗೆ ಹೋದಾಗ, ಈ ಕೀಲು ಹಾಕಿದರೆ ಕುಕ್ಕರಗಾಲಿನಲ್ಲಿ ಕೂರುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ. ಅದಕ್ಕೆ ಭಾವನವರು ಗಾಬರಿಯಾಗಿ, "ಖಾಲೀ ಬಸೂನ್ ಭಾಕರೀ ಕರ್ತಾತ್" ಎಂದರಂತೆ. ಆಕೆ ನೆಲದ ಮೇಲೆ ಕೂತು ರೊಟ್ಟಿ ಮಾಡುವವಳು, ಅದೇ ಆಕೆಯ ಉದ್ಯೋಗ, ಕೂರಲು ಆಗದಿದ್ದರೆ ಆಕೆಯ ಹೊಟ್ಟೆಯ ಮೇಲೆ ಹೊಡೆದಂತೆ, ಏನಾದರೂ ಮಾಡಿ ಬಾಗುವ ಹಾಗೆ ಕೂರಿಸಿ ಎಂದು ಮತ್ತೆ ಮತ್ತೆ ಹೇಳಿದರಂತೆ.

"ನನ್ನ ಗಂಡ ಅಲ್ಲೇ ಇದ್ದರಲ್ಲ?"

ಇದ್ದರು, ಅವರೂ ತಲೆಯಾಡಿಸಿದರು, ಎಂದರು ಡಾಕ್ಟರು.

"ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ತಿರುಗಿ ಬಂದೆ. ಆಪರೇಶನ್ನಿನ ಹಿಂದಿನ ದಿನವೂ ನೀವು ನನ್ನ ಮಂಚದ ಹತ್ತಿರ ಬಂದಿದ್ದಿರಿ. ಒಂದು ಸಲ ನನ್ನನ್ನು ಕೇಳಬಹುದಿತ್ತಲ್ಲ?" ಎಂದು ಮರಾಠಿಯಲ್ಲೇ ಕೇಳಿದೆ. ದನಿ ಏರಿತ್ತು, ಹೊರಗೆ ಕೂತವರಿಗೂ ಕೇಳಿಸಿರಬೇಕು.

ಮನೆಯವರು ಹೇಳಿದ್ದನ್ನೇ ನಾವು ಹಿಡಿಯುತ್ತೇವೆ ಎಂದರು.

"ಪಾಯ್ ಘರ್‌ಚ್ಯಾಂಚಾ ನಾಹೀ, ಮಾಝಾ ಆಹೆ," ಎಂದೆ. ಕಾಲು ಮನೆಯವರದಲ್ಲ, ನನ್ನದು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಬಿಲ್ಲೆ ಬದಲಿಸಬಹುದು, ಲೋಹ ಕೀಳಬೇಕಾಗಿಲ್ಲ, ಆದರೆ ಅದೇ ಗಾಯವನ್ನು ಮತ್ತೆ ತೆರೆಯಬೇಕು ಎಂದು ಮೆಲ್ಲಗೆ ಹೇಳಿದರು.

ದಾರಿಯುದ್ದಕ್ಕೂ ರಿಕ್ಷಾದಲ್ಲಿ ನಾನು ಒಬ್ಬಳೇ ಬೈಯುತ್ತಾ ಬಂದೆ. ಭಾವನವರನ್ನಾದರೂ ಬಿಡಬಹುದು ಎನಿಸಿತು, ಅವರಿಗೆ ಗೊತ್ತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ನಮ್ಮಲ್ಲಿಗೇ ಊಟಕ್ಕೆ ಬರುತ್ತಾರೆ. ಹಾಲ್‌ನಲ್ಲಿ ಕೂರುತ್ತಾರೆ, ಬಿಸಿ ರೊಟ್ಟಿ ಒಳಗಿನಿಂದ ಬರುತ್ತದೆ. ಅದು ಹೇಗೆ ಬರುತ್ತದೆ ಎಂದು ಒಂದು ಸಲವೂ ಬಗ್ಗಿ ನೋಡಿದವರಲ್ಲ. ಆದರೆ ನನ್ನ ಗಂಡ? ದಿನಾ ಬೆಳಿಗ್ಗೆ ಚಹದ ಕಪ್ಪು ಹಿಡಿದುಕೊಂಡು ಅದೇ ಅಡುಗೆಮನೆಯ ಬಾಗಿಲಿಗೆ ಒರಗಿ ಪೇಪರಿನ ಸುದ್ದಿ ಹೇಳುವ ಮನುಷ್ಯ! ನಾನು ನಿಂತಿರುವುದನ್ನು ನೋಡಿ ನೋಡಿ ಕಣ್ಣು ಸವೆದಿರಬೇಕು.

"ನಿಮಗ ಗೊತ್ತಿತ್ತಲ್ರೀ!" ಎಂದು ಅವರು ಬಂದ ಕೂಡಲೇ ಕೂಗಿದೆ. "ನಾ ನಿಂತು ಮಾಡ್ತೀನಿ ಅಂತ ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ಲ?"

ಅವರು ಬೂಟು ಬಿಚ್ಚುತ್ತಿದ್ದವರು ಹಾಗೇ ಕೂತರು. "ಅಣ್ಣ ಮಾತಾಡ್ಲಿಕ್ಹತ್ತಿದ್ದ. ಡಾಕ್ಟರ ಮುಂದ ಅವನ ಮಾತು ತಪ್ಪು ಅಂತ ಹೆಂಗ ಹೇಳ್ಲಿ?"

"ನನ್ನ ಕಾಲು ಹೋದ್ರ ನಡೀತದ, ನಿಮ್ಮಣ್ಣನ ಮಾತು ಹೋಗಬಾರದು."

"ಹಂಗಲ್ಲ ಅದು. ಹಿಂಗ ಆಗ್ತದಂತ ನನಗೇನು ಗೊತ್ತಿತ್ತು? ಬಾಗಿದ್ರ ಛಲೋನ ಅಲ್ಲಾ ಅಂತ ತಿಳಕೊಂಡೆ."

ಕೆಟ್ಟ ಮನುಷ್ಯರೇನಲ್ಲ ಅವರು. ಜ್ವರ ಬಂದರೆ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕುತ್ತಾರೆ. ಆದರೆ ಅಣ್ಣನ ಮುಖ ಕೆಡಬಾರದೆಂದು ಹೆಂಡತಿಯ ಕಾಲು ಕೆಡಿಸಿ ಬಂದರು, ಬಂದು ಕಾಳಜಿ ಮಾಡಬೇಡ ಎಂದರು. ಅವತ್ತು ನಾನು ಅವರಿಗೆ ಊಟಕ್ಕೆ ಬಡಿಸಲಿಲ್ಲ.

ಭಾನುವಾರ ಭಾವನವರು ಬಂದರು. ಎಂದಿನ ಹಾಗೆ ಹಾಲ್‌ನಲ್ಲಿ ಅಣ್ಣ ತಮ್ಮ ತಾಟಿನ ಮುಂದೆ ಕೂತರು. ಎಣಗಾಯಿ, ಚಟ್ನಿಪುಡಿ, ಮೊಸರು ಎಲ್ಲ ಬಡಿಸಿ ಬಂದೆ. ರೊಟ್ಟಿ ಕಳಿಸಲಿಲ್ಲ. ಸ್ವಲ್ಪ ಹೊತ್ತು ಕಾದು ಭಾವನವರ ದನಿ ಕೇಳಿಸಿತು, "ಆಕೀಗೆ ಹೇಳು, ರೊಟ್ಟಿ ಬರ್ಲಿ." ಗಂಡ ಅಲ್ಲಿಂದಲೇ ಅದನ್ನು ನನಗೆ ಹೇಳಿದರು.

"ಭಾವಾರಿಗೆ ಹೇಳ್ರಿ," ಎಂದೆ ಒಳಗಿನಿಂದ, "ರೊಟ್ಟಿ ಬೇಕಾದ್ರ ಒಳಗ ಬಂದು ತಗೊಂಡು ಹೋಗ್ಲಿ."

ಹಾಲ್‌ನಲ್ಲಿ ಕುರ್ಚಿ ಸರಿದ ಸದ್ದಾಯಿತು. ನಾನು ಹಿಟ್ಟಿನ ಉಂಡೆ ಬಡಿಯುತ್ತಲೇ ಇದ್ದೆ, ಎಡಗೈಯಲ್ಲಿ ಕಟ್ಟೆಯ ಅಂಚು ಹಿಡಿದು ಬಲಗೈ ಒಂದರಲ್ಲೇ. ಬಾಗಿಲಲ್ಲಿ ಭಾವನವರು ನಿಂತಿದ್ದರು, ಅವರ ಹಿಂದೆ ನನ್ನ ಗಂಡ. ಭಾವನವರು ಪರಾತ ನೋಡಿದರು, ಒಲೆ ನೋಡಿದರು, ನನ್ನ ಕಾಲು ನೋಡಿದರು. ಹೊರಳುವಾಗ ಪಾದ ವಾಲಿದ್ದನ್ನೂ, ನಾನು ಹೊಟ್ಟೆಯನ್ನು ಕಟ್ಟೆಗೆ ಒತ್ತಿ ತಡೆದದ್ದನ್ನೂ ನೋಡಿದರು.

"ನಿಂತು ಮಾಡ್ತಾಳೇನು?" ಎಂದು ತಮ್ಮನನ್ನು ಕೇಳಿದರು.

ನನ್ನ ಗಂಡ ತಲೆಯಾಡಿಸಿದರು.

"ಯವ್ವ ಕುಂತು ಮಾಡ್ತಿದ್ಳಲ್ಲೋ," ಎಂದರು ಭಾವನವರು. ದನಿ ಇಳಿದಿತ್ತು.

ಆಗ ನನಗೆ ಅರ್ಥವಾಯಿತು. ಆ ಮನುಷ್ಯ ಡಾಕ್ಟರ ಮುಂದೆ ಸುಳ್ಳು ಹೇಳಿರಲಿಲ್ಲ. ಅಷ್ಟು ಕಳಕಳಿಯಿಂದ ಹೇಳಿದ್ದು ತಮ್ಮ ತಾಯಿಯ ಬಗ್ಗೆ. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡ, ನಾನು ಮುಖವನ್ನೇ ನೋಡಿರದ ಅತ್ತೆಯ ಕಾಲಿಗೆ ಅಳತೆ ಕೊಟ್ಟು ಬಂದಿದ್ದರು. ಅದನ್ನು ತಂದು ನನ್ನ ಕಾಲಿಗೆ ಹಾಕಿಸಿದ್ದರು. ತಾಯಿಯ ಮೇಲಿನ ಅವರ ಪ್ರೀತಿ ಕಂಡು ಬೇರೆ ದಿನವಾಗಿದ್ದರೆ ನನ್ನ ಕರುಳು ಚುರಕ್ ಎನ್ನುತ್ತಿತ್ತೋ ಏನೋ. ಅವತ್ತು ನನ್ನ ಸುಟ್ಟ ಅಂಗೈ ಚುರಚುರ ಎನ್ನುತ್ತಿತ್ತು. ರೊಟ್ಟಿಯನ್ನು ತಾಟಿಗೆ ಹಾಕಿ ಅವರ ಕಡೆ ಚಾಚಿದೆ. ತೆಗೆದುಕೊಂಡು ಹೋದರು. ಇಬ್ಬರೂ ಅರ್ಧಕ್ಕೇ ಕೈ ತೊಳೆದರು.

ಎರಡನೇ ಆಪರೇಶನ್ನಿಗೆ ನಾನೇ ದಿನ ಗೊತ್ತು ಮಾಡಿಕೊಂಡು ಬಂದೆ. ಸಹಿ ಹಾಕಲು, ಸಾಮಾನು ಹೊರಲು ಗಂಡ ಬಂದರು. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕೆಳಗಿನ ಮೈ ಮರಗಟ್ಟಿಸಿದ್ದರು, ನಿದ್ದೆಯ ಮದ್ದು ಬೇಡ ಎಂದು ನಾನು ಜಗಳವಾಡಿ ಬಿಡಿಸಿಕೊಂಡಿದ್ದೆ. ಎದೆಯ ಮೇಲೆ ಹಸಿರು ಬಟ್ಟೆಯ ಪರದೆ. ಆಚೆಯಿಂದ ಉಪಕರಣಗಳ ಸದ್ದು, ಡಾಕ್ಟರ ಮಾತು. ಹಳೆಯ ಬಿಲ್ಲೆ ತೆಗೆದದ್ದು ಸದ್ದಿನಲ್ಲೇ ಗೊತ್ತಾಯಿತು. ಆಮೇಲೆ ಒಂದೊಂದೇ ಪರೀಕ್ಷೆಯ ಬಿಲ್ಲೆ ಇಟ್ಟು ನೋಡುತ್ತಿದ್ದರು. ಒಂದು ಹೊತ್ತಿಗೆ ಪರದೆಯ ಮೇಲಿನಿಂದ ಡಾಕ್ಟರ ಟೋಪಿ, ಕಣ್ಣು ಕಾಣಿಸಿದವು.

"ಮಾವಶೀ, ಹಾ ಘಟ್ಟ ಬಸ್ತೋ. ಪಣ್ ಪಾಯ್ ವರ್ ಕಮೀ ಯೇಯೀಲ್. ಚಾಲೇಲ್?"

ಇದು ಗಟ್ಟಿಯಾಗಿ ಕೂರುತ್ತದೆ, ಆದರೆ ಪಾದ ಮೇಲಕ್ಕೆ ಬರುವುದು ಕಡಿಮೆ, ನಡೆಯುತ್ತದೆಯೇ ಎಂದು ಕೇಳುತ್ತಿದ್ದರು.

"ಚಾಲೇಲ್," ಎಂದೆ. ನಡೆಯುತ್ತದೆ.

ಅಷ್ಟೇ. ಎರಡು ಉಸಿರಿನ ಮಾತು. ಡಾಕ್ಟರು ಕೆಲಸಕ್ಕೆ ತಿರುಗಿದರು. ನನಗೆ ಕಣ್ಣೀರು ಕಿವಿಯೊಳಗೆ ಇಳಿಯಿತು, ನರ್ಸ್ ನೋಯುತ್ತಿದೆಯೇ ಎಂದು ಕೇಳಿದಳು. ನೋಯುತ್ತಿರಲಿಲ್ಲ. ಇಷ್ಟೇ ಇಷ್ಟನ್ನು ಕೇಳುವುದಕ್ಕೆ ನನ್ನ ಕಾಲನ್ನು ಎರಡನೇ ಸಲ ಕೊಯ್ಯಬೇಕಾಯಿತಲ್ಲ ಎಂದು ಸಿಟ್ಟಿಗೆ ಅಳುತ್ತಿದ್ದೆ.

ಮತ್ತೆ ಪಟ್ಟಿ, ಮತ್ತೆ ಬೂಟು, ಮತ್ತೆ ವಾಕರ್. ಮೈಸೂರಿನ ಹುಡುಗಿ ಈ ಸಲ ನನ್ನನ್ನು ನಿಲ್ಲಿಸಿ, ಹೊರಳಿಸಿ, ದಿಂಬಿನ ಮೇಲೆ ಹತ್ತಿಸಿ ವ್ಯಾಯಾಮ ಮಾಡಿಸಿದಳು. ಕಾಲು ಗಟ್ಟಿಯಾಯಿತು. ಹಾಗೆಂದು ಎಲ್ಲವೂ ಸುಖವಾಗಿದೆ ಎಂದಲ್ಲ. ಮೆಟ್ಟಿಲು ಇಳಿಯುವಾಗ ಪಾದ ಬಾಗದೆ ಹಿಡಿದಂತಾಗುತ್ತದೆ, ಚಳಿಗಾಲದ ಬೆಳಿಗ್ಗೆ ಬಿಗಿಯುತ್ತದೆ. ಶ್ರಾವಣದ ಪೂಜೆಗೆ ಹೆಂಗಸರೆಲ್ಲ ನೆಲದ ಮೇಲೆ ಕೂತರೆ ನನಗೊಂದು ಕುರ್ಚಿ ಬೇಕು. ಪಾಪ ಎನ್ನುತ್ತಾರೆ. ಅನ್ನಲಿ.

ಡಬ್ಬಿಗಳು ಮತ್ತೆ ಶುರುವಾದ ಮೇಲಿನ ಒಂದು ಭಾನುವಾರ, ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನೆರಳಾಯಿತು. ಭಾವನವರು ಖಾಲಿ ತಾಟು ಹಿಡಿದುಕೊಂಡು ನಿಂತಿದ್ದರು. ಗಂಡನ ಮುಖ ನೋಡಲಿಲ್ಲ. ನೆಲ ನೋಡುತ್ತಾ, ಬಹಳ ಕಷ್ಟಪಟ್ಟು, ನನ್ನನ್ನೇ ಕೇಳಿದರು.

"ಕಾಲು ಹೆಂಗ ಅದವಾ ಈಗ?"

ನಾನು ಬಾಯಿ ತೆರೆಯುವ ಮೊದಲೇ ಅವರ ಹಿಂದಿನಿಂದ ನನ್ನ ಗಂಡ, "ಈಗ ಭಾಳ ಛಲೋ ಅದ ಅಣ್ಣಾ, ಏನೂ ತ್ರಾಸಿಲ್ಲ" ಎಂದರು.

ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಕುಕ್ಕಿ ಹೊರಳಿ ನಿಂತೆ, ಬಲಗಾಲಿನ ಮೇಲೆಯೇ. ಅದು ಅಲುಗಲಿಲ್ಲ.

"ನೀವು ಸುಮ್ಮನಿರ್ರಿ," ಎಂದೆ ಗಂಡನಿಗೆ, ಅವರಣ್ಣನ ಎದುರಿಗೇ. "ಅವರು ಕೇಳಿದ್ದು ನನ್ನ." ಆಮೇಲೆ ಭಾವನವರ ಮುಖ ನೋಡಿ ಹೇಳಿದೆ, "ಕುಂಡ್ರಲಿಕ್ಕೆ ಬರೂದಿಲ್ರಿ ಭಾವಾರ. ನಿಂದ್ರಲಿಕ್ಕೆ ಬರ್ತದ."